ಬದು ಹಾಕಿದ ಹವಾಲ್ದಾರ

ನಮ್ಮ ಹೊಲಕ್ಕೆ ಬಂದವರು ಮೊದಲು ಕೇಳುವುದು ಬದುವಿನ ಬಗ್ಗೆ. “ಇದನ್ನ ಯಾವ ಇಂಜಿನಿಯರ್ ಹಾಕಿಕೊಟ್ರು?” ಅಂತ. ಇಂಜಿನಿಯರ್ ಯಾರೂ ಅಲ್ಲ. ಹಾಕಿದವರು ನಮ್ಮಪ್ಪ. ಓದಿದ್ದು ಏಳನೇ ಕ್ಲಾಸು. ಅಳತೆ, ಮಟ್ಟ, ಗುಂಡಿ, ಗೋಡೆ ಎಲ್ಲ ಕಲಿತದ್ದು ಮಿಲಿಟ್ರಿಯಲ್ಲಿ.

ಅಪ್ಪ ತೀರಿಕೊಂಡದ್ದು 2016ರಲ್ಲಿ. ಆಗ 82 ವರ್ಷ. ಸೈನ್ಯದಲ್ಲಿದ್ದದ್ದು 22 ವರ್ಷ, ಬೇಸಾಯ ಮಾಡಿದ್ದು 40 ವರ್ಷ. ಊರಿನವರು ಕೊನೆತನಕ ‘ಹವಾಲ್ದಾರ್ರು’ ಎಂದೇ ಕರೆದರು. ಆದರೆ ಅವರ ನಿಜವಾದ ಕೆಲಸ ಬೇಸಾಯವೇ ಆಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಬರೆಯಲು ಹೊರಟರೆ ಒಂದು ವಿಷಯ ಅಡ್ಡ ಬರುತ್ತಿತ್ತು. ಅವರು ಬಿಟ್ಟುಕೊಟ್ಟ ಒಂದು ಎಕರೆ ಹತ್ತು ಗುಂಟೆ ಜಮೀನು. ಅದರ ವಿಚಾರವಾಗಿ ನಾನು ಅಪ್ಪನ ಮೇಲೆ ಬಹಳ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಹಾಗಾಗಿ ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಹಲಸೂರು ಕೆರೆಯಿಂದ ಗಡಿಗೆ

ನಮ್ಮದು ಬೊಮ್ಮನಹಳ್ಳಿ. ಈಗ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಹೊಸೂರು ರಸ್ತೆಯ ವಾಹನ, ಗಾರ್ಮೆಂಟ್ ಫ್ಯಾಕ್ಟರಿ, ಮೇಲು ಸೇತುವೆ. ಅಪ್ಪ ಹುಡುಗನಾಗಿದ್ದಾಗ ಇದು ಬೇಗೂರು ಹೋಬಳಿಯ ಒಂದು ರಾಗಿ ಊರು. ರಾಗಿ, ಅದರ ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು, ಬಾವಿ ಇದ್ದವರಿಗೆ ಒಂದಿಷ್ಟು ತರಕಾರಿ. ತರಕಾರಿ ಹೊತ್ತ ಗಾಡಿಗಳು ಬೆಳಗಿನ ಜಾವ ಕಲಾಸಿಪಾಳ್ಯದ ಕಡೆ ಹೊರಡುತ್ತಿದ್ದವಂತೆ.

ತಾತ ಬೇಗ ತೀರಿಕೊಂಡರು. ಜಮೀನು 2 ಎಕರೆ 20 ಗುಂಟೆ, ಜೊತೆಗೆ ಸಾಲ. ಅಪ್ಪ 1953ರಲ್ಲಿ, 19ನೇ ವಯಸ್ಸಿನಲ್ಲಿ, ಹಲಸೂರು ಕೆರೆ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಭರ್ತಿಯಾದರು. ಬೊಮ್ಮನಹಳ್ಳಿಯಿಂದ ಹಲಸೂರಿಗೆ ನಡೆದೇ ಹೋಗಿದ್ದರು. ‘ಮದ್ರಾಸ್ ಸ್ಯಾಪರ್ಸ್’ ಅಂತ ಇದರ ಇನ್ನೊಂದು ಹೆಸರು. 1780ರಲ್ಲಿ ಮದ್ರಾಸಿನಲ್ಲಿ ಶುರುವಾದ ದಳ, 1834ರಿಂದ ಬೆಂಗಳೂರಿನಲ್ಲಿ ನೆಲೆ. ಇವರ ಕೆಲಸ ಸೈನ್ಯಕ್ಕೆ ದಾರಿ ಮಾಡಿಕೊಡುವುದು. ಸೇತುವೆ ಕಟ್ಟುವುದು, ರಸ್ತೆ ತೆಗೆಯುವುದು, ಶತ್ರು ಹೂತಿಟ್ಟ ಮೈನು ಹುಡುಕಿ ತೆಗೆಯುವುದು, ನೀರಿಲ್ಲದ ಕಡೆ ನೀರು ಕಾಣಿಸುವುದು. ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಸೇರುವ ಕಡೆ ಇರುವ ಕಲ್ಲಿನ ಸ್ಮಾರಕ ಈ ದಳದವರದ್ದು. ಅಪ್ಪ ಆ ದಾರಿಯಲ್ಲಿ ಹೋದಾಗಲೆಲ್ಲ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದರು. ನಾವು ಮಕ್ಕಳು ಐಸ್‌ಕ್ರೀಮಿಗೆ ಅವಸರ ಮಾಡುತ್ತಿದ್ದೆವು.

1965ರಲ್ಲಿ ಪಂಜಾಬಿನ ಗಡಿಯಲ್ಲಿದ್ದರು. 1971ರ ಡಿಸೆಂಬರಿನಲ್ಲಿ ಶಕ್ಕರ್‌ಗಢ ಭಾಗದಲ್ಲಿ, ಮೈನು ತೆಗೆಯುವ ಕೆಲಸದಲ್ಲಿ. ಈ ಬಗ್ಗೆ ಅವರು ಹೇಳಿದ್ದು ಕಡಿಮೆ. ನಾನು ಒತ್ತಾಯ ಮಾಡಿದಾಗ ಒಮ್ಮೆ ಅಂದದ್ದು ಇಷ್ಟು: “ಅದೂ ಹೊಲಾನೇ ಕಣಪ್ಪ. ಗೋಧಿ ಹೊಲ. ಉಳೋರು ಊರು ಬಿಟ್ಟು ಓಡೋಗಿದ್ರು. ನಾವು ಮೊಣಕಾಲೂರಿ ಮಣ್ಣು ಕೆದಕ್ತಾ ಇದ್ವಿ.”

ಕಾಗದದಲ್ಲಿದ್ದ ಅಪ್ಪ

ನಾನು ಹುಟ್ಟಿದ್ದು 1961ರಲ್ಲಿ. ನನಗೆ ಹದಿನಾಲ್ಕು ತುಂಬುವ ತನಕ ಅಪ್ಪ ಎಂದರೆ ಕಾಗದ. ವರ್ಷಕ್ಕೊಮ್ಮೆ ಎರಡು ತಿಂಗಳ ರಜ. ಕಪ್ಪು ಟ್ರಂಕು, ಹೋಲ್ಡಾಲು ಹೊತ್ತು ಬರುತ್ತಿದ್ದರು. ಉಳಿದ ಹತ್ತು ತಿಂಗಳು ನೀಲಿ ಇನ್‌ಲ್ಯಾಂಡ್ ಕಾಗದ. ಅಮ್ಮನಿಗೆ ಓದಲು ಬಾರದು. ಮೊದಲು ಶಾಲೆ ಮೇಷ್ಟ್ರು ಓದಿ ಹೇಳುತ್ತಿದ್ದರು. ನಾನು ಮೂರನೇ ಕ್ಲಾಸಿಗೆ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಆ ಕಾಗದಗಳಲ್ಲಿ ಯುದ್ಧ ಇರುತ್ತಿರಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಇರುತ್ತಿದ್ದದ್ದು ಬರೀ ಪ್ರಶ್ನೆ. ಮಳೆ ಯಾವ ನಕ್ಷತ್ರದಲ್ಲಿ ಬಂತು, ಎಷ್ಟು ಹದ ಆಯ್ತು, ಕೆಂದ ಹಸು ಗಬ್ಬ ನಿಂತಿತೋ ಇಲ್ಲವೋ, ಬಾವಿಯಲ್ಲಿ ನೀರು ಎಷ್ಟು ಮೆಟ್ಟಿಲು ಇದೆ, ಮಗಳ ಕಿವಿ ಸೋರುವುದು ನಿಂತಿತೇ. ಬಾವಿಯ ಮೆಟ್ಟಿಲು ಎಣಿಸಿ ನಾನು ಉತ್ತರ ಬರೆಯಬೇಕಿತ್ತು. ಮಗ ಲೆಕ್ಕ ತಪ್ಪು ಬರೆದರೆ ಮುಂದಿನ ಕಾಗದದಲ್ಲಿ ಅದಕ್ಕೊಂದು ಪ್ರಶ್ನೆ. ದೂರದಲ್ಲಿದ್ದುಕೊಂಡೇ ಅವರು ನಮ್ಮ ಜೊತೆ ಸಂಸಾರ ಮಾಡಿದ್ದು ಹೀಗೆ.

ಅಮ್ಮ ಒಬ್ಬಳೇ ಎರಡೂವರೆ ಎಕರೆ ಮಾಡುವುದು ಆಗದ ಮಾತು. ಅಪ್ಪ ಭರ್ತಿಯಾದ ವರ್ಷವೇ ಜಮೀನನ್ನು ಊರಿನ ಒಬ್ಬರಿಗೆ ವಾರಕ್ಕೆ ಕೊಟ್ಟಿದ್ದರು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಊರ ವರಸೆಯಲ್ಲಿ ಅವರು ನನಗೆ ದೊಡ್ಡಪ್ಪ ಆಗಬೇಕು. ಕಣದಲ್ಲಿ ರಾಗಿ ಅಳೆಯುವ ದಿನ ಅಮ್ಮನನ್ನು ಕೂರಿಸಿ, ಅವಳ ಕಣ್ಣ ಮುಂದೆಯೇ ಅಳೆದು, ನಮ್ಮ ಪಾಲನ್ನು ತಾವೇ ಹೊತ್ತು ತಂದು ವಾಡೆಗೆ ಸುರಿದು ಹೋಗುತ್ತಿದ್ದರು. 22 ವರ್ಷ ಹಾಗೆ ನಡೆಯಿತು.

ನಮೂನೆ 7ರ ಕಾಲ

1974ರ ಮಾರ್ಚ್ 1ರಿಂದ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸು ಅವರ ಕಾಲ. ಉಳುವವನೇ ಹೊಲದೊಡೆಯ. ಗೇಣಿಗೆ, ವಾರಕ್ಕೆ ಮಾಡುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡುತ್ತಿತ್ತು. ಊರೂರಲ್ಲಿ ಅದೇ ಮಾತು. ಎಷ್ಟೋ ಮನೆಗಳಲ್ಲಿ ಮಾತು ನಿಂತವು, ಕೆಲವು ಕಡೆ ಹೊಡೆದಾಟವೂ ಆಯಿತು.

ಸೈನಿಕರ ವಿಷಯದಲ್ಲಿ ಮಾತ್ರ ಆ ಕಾಯ್ದೆ ಬೇರೆ. ಈಗಲೂ ಸೈನ್ಯದಲ್ಲಿ ಮಕ್ಕಳಿರುವ ರೈತರು ಇದನ್ನು ತಿಳಿದಿರುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ಕಾಯ್ದೆಯ 5ನೇ ಕಲಮು ಸೈನಿಕನಿಗೆ ತನ್ನ ಜಮೀನನ್ನು ಗೇಣಿಗೆ ಕೊಡಲು ಅವಕಾಶ ಕೊಡುತ್ತದೆ. ಅಂಥ ಜಮೀನು ಸರ್ಕಾರಕ್ಕೆ ಸೇರಿ ಗೇಣಿದಾರನ ಹೆಸರಿಗೆ ಹೋಗುವುದಿಲ್ಲ. 15ನೇ ಕಲಮಿನಂತೆ ಸೈನಿಕ ಅದನ್ನು ಗೇಣಿದಾರನಿಂದ ಮರಳಿ ಪಡೆಯಬಹುದು. ಗಡಿ ಕಾಯುವವನು ಮನೆಗೆ ಬರುವಷ್ಟರಲ್ಲಿ ಅವನ ಹೊಲವೇ ಹೋಗಿರಬಾರದು ಎನ್ನುವುದು ಅದರ ಹಿಂದಿನ ನ್ಯಾಯ. ಸರಿಯಾದ ನ್ಯಾಯವೇ.

ದೊಡ್ಡಪ್ಪನಿಗೂ ಇದು ಗೊತ್ತಾಗಿತ್ತು. ಊರಿನಲ್ಲಿ ಬೇರೆ ಒಡೆಯರ ಹೊಲ ಮಾಡುತ್ತಿದ್ದವರಿಗೆಲ್ಲ ಜಮೀನು ಸಿಗುತ್ತದೆ, ಸೈನಿಕನ ಹೊಲ ಮಾಡಿದ ಇವರಿಗೆ ಮಾತ್ರ ಇಲ್ಲ. ಆ ವರ್ಷ ಅವರು ನಮ್ಮ ಮನೆಯ ಜಗಲಿಯಲ್ಲಿ ಕೂರುವುದನ್ನೇ ಬಿಟ್ಟಿದ್ದರು. ರಾಗಿ ಹೊತ್ತು ತಂದರೂ ಬಾಗಿಲಲ್ಲೇ ಇಳಿಸಿ ಹೋಗುತ್ತಿದ್ದರು.

1975ರಲ್ಲಿ ಅಪ್ಪ ಪಿಂಚಣಿ ಮೇಲೆ ಬಂದರು. ನಮ್ಮ ಸೋದರಮಾವ, ಊರಿನ ನಾಲ್ಕು ಜನ ಸೇರಿ ಬುದ್ಧಿ ಹೇಳಿದರು. “ಒಂದು ಅರ್ಜಿ ಸಾಕು ಹವಾಲ್ದಾರ್ರೇ. ಪೂರ್ತಿ ನಿಮ್ಮದೇ ಆಯ್ತದೆ.” ಅಪ್ಪ ಅರ್ಜಿ ಕೊಟ್ಟರು, ಜಮೀನು ಬಿಡಿಸಿಕೊಂಡರು. ಆಮೇಲೆ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ ಅದರಲ್ಲಿ ಅರ್ಧವನ್ನು, ಅಂದರೆ 1 ಎಕರೆ 10 ಗುಂಟೆಯನ್ನು, ಹೆಸರಿಗೊಂದು ಬೆಲೆ ಇಟ್ಟು ಅವರ ಹೆಸರಿಗೆ ರಿಜಿಸ್ಟರ್ ಮಾಡಿಸಿಬಿಟ್ಟರು. ಬಾವಿ ಇಬ್ಬರಿಗೂ ಸೇರಿದ್ದು, ಎಂಟು ದಿನಕ್ಕೆ ನಾಲ್ಕು ದಿನ ಅವರಿಗೆ, ನಾಲ್ಕು ದಿನ ನಮಗೆ.

ಅಮ್ಮ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಸೋದರಮಾವ ಮೂರು ವರ್ಷ ಮನೆಗೆ ಬರಲಿಲ್ಲ.

ಮಡಿಕೇರಿಯ ತಂದೆ

ಮೂರನೇ ದಿನ ರಾತ್ರಿ ಅಮ್ಮ ಕೇಳಿದಳು. “ಮಕ್ಕಳ ಬಾಯಿಗೆ ಮಣ್ಣು ಹಾಕಿದ್ರಲ್ಲ, ಯಾಕೆ?” ಅಪ್ಪ ಉತ್ತರವಾಗಿ ಒಂದು ಕಥೆ ಹೇಳಿದರು. ಅದು ಕಥೆಯಲ್ಲ, ನಡೆದದ್ದು. ಅಂದಿನಿಂದ ಅದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ಕೆ.ಎಂ. ಕಾರ್ಯಪ್ಪನವರ ಪಟ ಬಂದದ್ದೂ ಅದರಿಂದಲೇ.

ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ಅಧಿಕಾರಿಗಳ ತರಬೇತಿಗೆ ಆಯ್ಕೆಯಾದ ಭಾರತೀಯರ ಮೊದಲ ತಂಡದಲ್ಲಿ ಒಬ್ಬರಾಗಿ 1919ರಲ್ಲಿ ಸೈನ್ಯ ಸೇರಿದರು. ಮೂವತ್ತು ವರ್ಷದ ನಂತರ, 1949ರ ಜನವರಿ 15ರಂದು, ಇಂಗ್ಲಿಷ್ ಜನರಲ್ ಒಬ್ಬರ ಕೈಯಿಂದ ಇಡೀ ಭಾರತದ ಸೈನ್ಯದ ಮುಖ್ಯಸ್ಥಿಕೆ ತೆಗೆದುಕೊಂಡರು. ಆ ಜಾಗಕ್ಕೆ ಬಂದ ಮೊದಲ ಭಾರತೀಯ ಅವರೇ. ಇವತ್ತಿಗೂ ಜನವರಿ 15 ಸೇನಾ ದಿನ. 1953ರ ಜನವರಿಯಲ್ಲಿ ನಿವೃತ್ತರಾದರು. ಅದೇ ವರ್ಷ ನಮ್ಮಪ್ಪ ಭರ್ತಿಯಾದದ್ದು. “ಅವರು ಬಿಟ್ಟರು, ನಾನು ಹೋಗಿ ಸೇರಿದೆ” ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಮೂರು ವರ್ಷ ಆಸ್ಟ್ರೇಲಿಯ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿದ್ದು ಬಂದು ಕಾರ್ಯಪ್ಪನವರು ಮಡಿಕೇರಿಯ ತಮ್ಮ ಮನೆ ‘ರೋಷನಾರಾ’ದಲ್ಲಿ ನೆಲೆಸಿದರು. ಒಬ್ಬ ಮಗ, ಒಬ್ಬಳು ಮಗಳು. ಮಕ್ಕಳು ಚಿಕ್ಕವರಿರುವಾಗಲೇ ತಾಯಿ ತೀರಿಕೊಂಡಿದ್ದರಿಂದ ಸಾಕಿದ್ದೆಲ್ಲ ತಂದೆಯೇ. ಮಗ ಕೆ.ಸಿ. ಕಾರ್ಯಪ್ಪ, ಮನೆಯಲ್ಲಿ ನಂದ, ವಾಯುಸೇನೆ ಸೇರಿ ಪೈಲಟ್ ಆದರು.

1965ರ ಯುದ್ಧ. ಸೆಪ್ಟೆಂಬರ್ 22, ಯುದ್ಧ ನಿಲ್ಲುವುದಕ್ಕೆ ಒಂದು ದಿನ ಮೊದಲು, ಮಗನ ಹಂಟರ್ ವಿಮಾನ ಪಾಕಿಸ್ತಾನದಲ್ಲಿ ಗುಂಡೇಟಿಗೆ ಬಿತ್ತು. ಬೆನ್ನಿಗೆ ಪೆಟ್ಟಾಗಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರು ಅಯೂಬ್ ಖಾನ್. ದೇಶ ಒಡೆಯುವ ಮೊದಲು ಇದೇ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಹಳೆಯ ಗುರುತಿನ ಮೇಲೆ, ನಿಮ್ಮ ಮಗ ಕ್ಷೇಮ, ಬೇಕಾದರೆ ಬಿಟ್ಟುಬಿಡುತ್ತೇವೆ ಎಂದು ಹೇಳಿಕಳಿಸಿದರು. ತಂದೆಯ ಉತ್ತರ ಬೇರೆಯೇ ಇತ್ತು. ಅಲ್ಲಿ ಸೆರೆಯಲ್ಲಿರುವ ನಮ್ಮ ಕಡೆಯವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲದಿದ್ದರೆ ಇವನಿಗೊಬ್ಬನಿಗೆ ಬೇರೆ ಉಪಚಾರ ಬೇಡ ಎಂಬ ಅರ್ಥದ ಮಾತು. ಮಗ ಬಿಡುಗಡೆಯಾಗಿ ಬಂದದ್ದು 1966ರ ಜನವರಿಯಲ್ಲಿ. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಈ ಸುದ್ದಿ ಆಗಲೇ ಬ್ಯಾರಕ್ಕುಗಳಲ್ಲೆಲ್ಲ ಹಬ್ಬಿತ್ತಂತೆ. ಸಾಮಾನ್ಯ ಸಿಪಾಯಿಗೆ ಅದು ಎಷ್ಟು ದೊಡ್ಡ ಮಾತು ಎಂದು ನಮಗೆ ಅರ್ಥವಾಗಲಿಕ್ಕಿಲ್ಲ. ಸೆರೆಸಿಕ್ಕ ಯಾವುದೋ ಹಳ್ಳಿಯ ಸಿಪಾಯಿಗೆ ಬೇಡಿಕೊಳ್ಳಲು ದೊಡ್ಡವರು ಯಾರೂ ಇರುವುದಿಲ್ಲ. ಇಲ್ಲಿ ಒಬ್ಬ ದೊಡ್ಡವರು ತಮ್ಮ ಮಗನನ್ನು ತಂದು ಅವನ ಪಕ್ಕದಲ್ಲಿ ನಿಲ್ಲಿಸಿದ್ದರು.

ಅಪ್ಪ ಅಮ್ಮನಿಗೆ ಅಂದದ್ದು ಹೀಗೆ. “ಊರಲ್ಲಿ ಉತ್ತೋರಿಗೆಲ್ಲ ಭೂಮಿ ಬಂತು. ನನ್ನ ಹೊಲ ಉತ್ತೋನಿಗೆ ಮಾತ್ರ ಬರ್ಲಿಲ್ಲ. ಯಾಕೆ? ನಾನು ಮಿಲಿಟ್ರಿ ಅಂತ. ಇಪ್ಪತ್ತೆರಡು ವರ್ಷ ನಿನ್ನ ಮಕ್ಕಳಿಗೆ ರಾಗಿ ಹೊತ್ತು ತಂದವನು ಅವನು. ಆ ಮುದುಕರು ಹೆತ್ತ ಮಗನ್ನೇ ಬೇರೆ ಮಾಡ್ಲಿಲ್ಲ. ಎರಡೂವರೆ ಎಕರೆಗೆ ನಾನು ಬೇರೆ ಮಾಡ್ಲಾ?”

ಅಮ್ಮ ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಮಾತಾಡಲು ಮಾತ್ರ ಶುರು ಮಾಡಿದಳು.

ಕಾರ್ಯಪ್ಪನವರು ಸೇವೆಯಲ್ಲಿದ್ದದ್ದು 33 ವರ್ಷ, ನಿವೃತ್ತರಾಗಿ ಬದುಕಿದ್ದು 40 ವರ್ಷ. ಆ ನಲವತ್ತು ವರ್ಷದ ಬಹುಪಾಲು ಮಾಜಿ ಸೈನಿಕರ ಕೆಲಸಕ್ಕೇ ಹೋಯಿತು. 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂದಾಗ ಅವರಿಗೆ 87 ವರ್ಷ ಸಮೀಪಿಸಿತ್ತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಸುದ್ದಿ ರೇಡಿಯೋದಲ್ಲಿ ಬಂದಾಗ ಅಪ್ಪ ಕಳೆ ಕೀಳುತ್ತಿದ್ದರು. ಎದ್ದು ಕೈ ತೊಳೆದುಕೊಂಡು ಪಟದ ಮುಂದೆ ನೆಟ್ಟಗೆ ನಿಂತು ಒಂದು ಸಲ್ಯೂಟ್ ಹೊಡೆದರು, ಮತ್ತೆ ಹೋಗಿ ಸಾಲಿನಲ್ಲಿ ಕೂತರು.

ಬೇಗೂರಿನ ಕಲ್ಲು

ಸೈನಿಕನಿಗೂ ಭೂಮಿಗೂ ಇರುವ ನಂಟು ಹಳೆಯದು. ಕಾರ್ಯಪ್ಪನವರ ಕೊಡಗಿನಲ್ಲಿ ಜಮ್ಮಾ ಜಮೀನು ಎಂದಿದೆ. ಅರಸರ ಕಾಲದಲ್ಲಿ ಕರೆ ಬಂದಾಗ ಯುದ್ಧಕ್ಕೆ ಹೊರಡಬೇಕು ಎಂಬ ಕರಾರಿನ ಮೇಲೆ ಅರ್ಧ ಕಂದಾಯಕ್ಕೆ ವಂಶಕ್ಕೆ ಕೊಟ್ಟ ಭೂಮಿ ಅದು.

ನಮ್ಮ ಕಡೆಯೂ ಅದಕ್ಕೆ ಸಾಕ್ಷಿ ಇದೆ. ನಮ್ಮ ಹೋಬಳಿಯ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಅದರಲ್ಲಿ ‘ಬೆಂಗಳೂರು ಕಾಳಗ’ದಲ್ಲಿ ಸತ್ತವರ ಮಾತಿದೆ. ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ಬರಹ ಅದು. ಅದೇ ಊರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಗಂಗರ ಕಾಲದ್ದು. ನಾಗತ್ತರ ಎಂಬ ವೀರ ಆನೆಯ ಎದುರು ಕಾದಾಡಿ ಸತ್ತ, ಅದನ್ನು ಕೇಳಿದ ಅರಸ ಎರೆಯಪ್ಪ ಬೇಗೂರಿನ ಹನ್ನೆರಡು ಊರುಗಳನ್ನು ‘ಕಲ್ನಾಡು’ ಆಗಿ ಕೊಟ್ಟ ಎಂದು ಅದರಲ್ಲಿ ಬರೆದಿದೆ.

ಇದನ್ನು ಅಪ್ಪನಿಗೆ ಓದಿ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಸತ್ತೋನಿಗೆ ಕಲ್ಲು, ಊರು ಎಲ್ಲ ಕೊಟ್ರು. ಸರಿ. ಬದುಕಿ ಬಂದೋನು ಏನು ಮಾಡ್ದ ಅಂತ ಬರ್ದಿಲ್ವಾ?” ಎಂದು ಕೇಳಿದರು. ಅದನ್ನು ಬರೆದಿಲ್ಲ.

ಬೋರೆ ಜಮೀನಿನಲ್ಲಿ ಟ್ರೆಂಚು

1978ರಲ್ಲಿ ನಮ್ಮಿಂದ ಆಚೆ ಎಲೆಕ್ಟ್ರಾನಿಕ್ಸ್ ಸಿಟಿ ಶುರುವಾಯಿತು. ಹದಿನೈದು ವರ್ಷದಲ್ಲಿ ಬೊಮ್ಮನಹಳ್ಳಿಯಲ್ಲಿ ಎತ್ತು ಕಟ್ಟಲು ಜಾಗ ಇರಲಿಲ್ಲ. 1994ರಲ್ಲಿ ಅಪ್ಪ 10 ಗುಂಟೆ ಉಳಿಸಿಕೊಂಡು ಒಂದು ಎಕರೆ ಮಾರಿದರು. ಆ ದುಡ್ಡಿನಲ್ಲಿ ಆನೇಕಲ್ ತಾಲ್ಲೂಕಿನಲ್ಲಿ 4 ಎಕರೆ ಬೋರೆ ಜಮೀನು ಕೊಂಡರು. ಆಗ ಅವರಿಗೆ 60 ವರ್ಷ. ಇಳಿಜಾರು, ಕಲ್ಲು, ಮೇಲ್ಮಣ್ಣು ಕೊಚ್ಚಿ ಹೋಗಿ ಎಲುಬು ಕಾಣುತ್ತಿದ್ದ ನೆಲ. ಮಾರಿದವರೇ ನಮ್ಮನ್ನು ನೋಡಿ ಅಯ್ಯೋ ಎಂದಿದ್ದರು.

ಅಪ್ಪ ಮೊದಲ ವರ್ಷ ಏನೂ ಬಿತ್ತಲಿಲ್ಲ. ಅಳತೆ ಮಾಡಿದರು. ಅವರ ಕ್ರಮವನ್ನು ಬರೆಯುತ್ತೇನೆ, ಸಣ್ಣ ಹಿಡುವಳಿಯವರಿಗೆ ಉಪಯೋಗಕ್ಕೆ ಬರಬಹುದು.

ಬೇಕಾದದ್ದು ಪಾರದರ್ಶಕ ಟ್ಯೂಬು 30 ಅಡಿ, ಒಂದೇ ಎತ್ತರದ ಎರಡು ಗಳು. ಗಳುಗಳಿಗೆ ಬುಡದಿಂದ ಒಂದೇ ಥರ ಅಂಗುಲದ ಗುರುತು ಹಾಕಬೇಕು. ಟ್ಯೂಬಿನ ಎರಡು ತುದಿಗಳನ್ನು ಎರಡು ಗಳುಗಳಿಗೆ ಕಟ್ಟಿ ನೀರು ತುಂಬಬೇಕು. ಒಳಗೆ ಗಾಳಿಗುಳ್ಳೆ ಉಳಿಯಬಾರದು, ಉಳಿದರೆ ಲೆಕ್ಕ ತಪ್ಪುತ್ತದೆ. ಒಬ್ಬರು ಒಂದು ಗಳು ಹಿಡಿದು ನಿಂತರೆ ಇನ್ನೊಬ್ಬರು ಇನ್ನೊಂದನ್ನು ಹಿಡಿದು ಇಳಿಜಾರಿಗೆ ಅಡ್ಡವಾಗಿ ನಡೆಯಬೇಕು. ಎರಡೂ ಕಡೆ ನೀರು ಒಂದೇ ಗುರುತಿಗೆ ನಿಂತ ಕಡೆ ಗೂಟ ಹೊಡೆಯುವುದು. ಅಲ್ಲಿಂದ ಮುಂದಕ್ಕೆ ಮತ್ತೆ ಹಾಗೆಯೇ. ಗೂಟಗಳನ್ನು ಸೇರಿಸಿದರೆ ಬರುವ ಗೆರೆಯೇ ಸಮಪಾತಳಿ. ಅದು ನೆಟ್ಟಗೆ ಇರುವುದಿಲ್ಲ, ಹಾವಿನ ಥರ ಹೋಗುತ್ತದೆ. ನೆಟ್ಟಗೆ ಮಾಡುವ ಆಸೆ ಬೇಡ.

ಆ ಗೆರೆಯ ಮೇಲೆ ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಟ್ರೆಂಚು. ತೆಗೆದ ಮಣ್ಣು ಕೆಳಬದಿಗೆ, ಅದೇ ಬದು. ಟ್ರೆಂಚನ್ನು ಉದ್ದಕ್ಕೆ ಒಂದೇ ಸಮ ತೆಗೆಯಲಿಲ್ಲ. ಹದಿನೈದು ಅಡಿಗೊಮ್ಮೆ ಎರಡು ಅಡಿ ಮಣ್ಣು ಬಿಟ್ಟರು. ನಾನು ಕೇಳಿದ್ದಕ್ಕೆ ಹೇಳಿದರು: “ಮಿಲಿಟ್ರಿ ಟ್ರೆಂಚು ಯಾವತ್ತೂ ನೆಟ್ಟಗೆ ಇರಲ್ಲ. ಒಂದು ಕಡೆ ಬಾಂಬು ಬಿದ್ರೆ ಪೂರ್ತಿ ಹೋಗಬಾರ್ದು ಅಂತ ಮಧ್ಯೆ ಮಧ್ಯೆ ತಿರುವು ಕೊಡ್ತಾರೆ. ನೀರೂ ಹಂಗೇ. ಒಂದು ಕಡೆ ಒಡೆದ್ರೆ ಆ ಒಂದು ಗುಂಡಿ ಮಾತ್ರ ಹೋಗ್ಲಿ.”

ಬದುವಿನ ಮೇಲೆ ಗೊಬ್ಬರದ ಗಿಡ, ಲಾವಂಚ ನೆಟ್ಟೆವು. ಕೆಲಸ ಮೂರು ಬೇಸಿಗೆ ಹಿಡಿಯಿತು. ನಾವಿಬ್ಬರೂ, ದಿನಕ್ಕೆ ಇಬ್ಬರು ಆಳೂ. ನಾಲ್ಕನೇ ವರ್ಷ ಹೊಲದ ಕೆಳಗಿನ ಹಾಳು ಬಾವಿಯಲ್ಲಿ ಜನವರಿ ತನಕ ನೀರು ನಿಂತಿತು. ಆ ವರ್ಷವೇ ರಾಗಿ ಕೈಗೆ ಹತ್ತಿತು. ಬನ್ನೇರುಘಟ್ಟದ ಕಾಡಿನಿಂದ ಆನೆ ಬಂದು ಒಂದು ಪಾಲು ತಿಂದು ಹೋದದ್ದೂ ಆ ವರ್ಷವೇ. ಅಪ್ಪ ಅಟ್ಟಣೆ ಕಟ್ಟಿ ರಾತ್ರಿ ಟಾರ್ಚು ಹಿಡಿದು ಕೂತರು. “ಈಗ ನಿಜವಾದ ಪಹರೆ” ಎನ್ನುತ್ತಿದ್ದರು.

ಅವರ ದಿನಚರಿ ಪುಸ್ತಕಗಳು ಈಗಲೂ ಟ್ರಂಕಿನಲ್ಲಿವೆ. ಮಳೆ ಎಷ್ಟು ಮಿಲಿಮೀಟರ್, ಆಳು ಎಷ್ಟು, ಯಾವ ತಾಕಿನಲ್ಲಿ ಏನು, ಎಷ್ಟು ಬಂತು. 1995ರಿಂದ 2015ರ ತನಕ ಒಂದು ದಿನವೂ ಖಾಲಿ ಇಲ್ಲ. ಮಳೆ ಇಲ್ಲದ ದಿನ ‘ಇಲ್ಲ’ ಎಂದು ಬರೆದಿದ್ದಾರೆ. ನಾನು ಬಾವಿಯ ಮೆಟ್ಟಿಲು ಎಣಿಸಿ ಕಾಗದ ಬರೆಯುತ್ತಿದ್ದದ್ದು ಆ ಪುಸ್ತಕ ನೋಡಿದಾಗಲೆಲ್ಲ ನೆನಪಾಗುತ್ತದೆ.

ನನ್ನ ಲೆಕ್ಕ

ದೊಡ್ಡಪ್ಪನ ಮಕ್ಕಳು ತಮ್ಮ ಪಾಲಿನ ಜಮೀನಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದರು. 2007ರಲ್ಲಿ ಬೊಮ್ಮನಹಳ್ಳಿ ಬಿಬಿಎಂಪಿಗೆ ಸೇರಿತು, 2010ರಲ್ಲಿ ಮೇಲು ಸೇತುವೆ ಬಂತು. ಒಂದೊಂದು ಹಂತಕ್ಕೂ ನೆಲದ ಬೆಲೆ ಏರಿತು. ನಾನು ಬೆಳಿಗ್ಗೆ ಬೋರೆ ಹೊಲಕ್ಕೆ ಹೊರಟರೆ ಅವರ ಮನೆಗಳ ಮುಂದೆಯೇ ಹಾದು ಹೋಗಬೇಕು. ಸುಳ್ಳು ಹೇಳುವುದಿಲ್ಲ, ಎಷ್ಟೋ ಸಲ ಗುಂಟೆ ಲೆಕ್ಕದಲ್ಲಿ ಗುಣಿಸಿದ್ದೇನೆ. ಒಮ್ಮೆ ಜಗಳ ಮಾಡುವಾಗ ಅಪ್ಪನ ಮುಖಕ್ಕೇ ಹೇಳಿದ್ದೆ: “ನೀನು ದೊಡ್ಡ ಮನುಷ್ಯ ಆದೆ, ನನ್ನ ಮಕ್ಕಳು ಬೋರೇಲಿ ಕಲ್ಲು ಆರಿಸ್ತಾರೆ.”

ಅಪ್ಪ ಸಿಟ್ಟಾಗಲಿಲ್ಲ. “ನಾನು ಕೊಟ್ಟಿದ್ದು ಹೊಲ ಕಣಪ್ಪ. ನೀನು ಕೇಳ್ತಿರೋದು ಸೈಟು” ಎಂದರು. ಆ ಮಾತು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. 1975ರಲ್ಲಿ ಅಪ್ಪನ ಕಣ್ಣಮುಂದೆ ಇದ್ದದ್ದು ಎರಡು ಸಂಸಾರ, ಒಂದು ಬಾವಿ, ಎರಡೂವರೆ ಎಕರೆ ರಾಗಿ. ಅದನ್ನು ಸರಿಯಾಗಿಯೇ ಹಂಚಿದರು. ಆಮೇಲೆ ಬಂದ ಬೆಲೆ ಅವರೂ ಬಿತ್ತಿದ್ದಲ್ಲ, ನಾನೂ ಬಿತ್ತಿದ್ದಲ್ಲ.

ಅಪ್ಪ ಹೋದ ದಿನ ಮಣ್ಣು ಮಾಡಿದ್ದು ಬೋರೆ ಹೊಲದಲ್ಲಿ, ಅವರೇ ಹೇಳಿಟ್ಟ ಜಾಗದಲ್ಲಿ. ಆನೇಕಲ್ ಕಡೆಯ ಐದು ಜನ ಮುದುಕ ಸೈನಿಕರು ಕೋಟಿಗೆ ಪದಕ ಸಿಕ್ಕಿಸಿಕೊಂಡು ಬಂದಿದ್ದರು. ಬೊಮ್ಮನಹಳ್ಳಿಯಿಂದ ದೊಡ್ಡಪ್ಪನ ಹಿರಿಮಗ ಬಂದ. ಅವನಿಗೂ ಅರವತ್ತು ಹತ್ತಿರ. ಕಾರಿನಿಂದ ಇಳಿದವನು ಡಿಕ್ಕಿಯಿಂದ ಹಾರೆ, ಸನಿಕೆ ತೆಗೆದ. ಆಳುಗಳು ಇದ್ದರೂ ಬಿಡಲಿಲ್ಲ. “ನಮ್ಮಪ್ಪ ಹೇಳಿದ್ರು, ಚಿಕ್ಕಪ್ಪಂಗೆ ನೀನೇ ಅಗೀಬೇಕು ಅಂತ” ಎಂದು ಅಂಗಿ ಬಿಚ್ಚಿ ಇಳಿದ. ಗಟ್ಟಿ ನೆಲ. ಸ್ವಲ್ಪ ಹೊತ್ತಿಗೆ ನಾನೂ ಇಳಿದೆ. ಇಬ್ಬರೂ ಸೇರಿ ಅಗೆದೆವು.

ಅಮ್ಮನ ಪಿಂಚಣಿ

ಕೊನೆಗೊಂದು ಉಪಯೋಗದ ಮಾತು. ಅಮ್ಮನ ಕುಟುಂಬ ಪಿಂಚಣಿ ಬರುವುದು ಹದಿನಾಲ್ಕು ತಿಂಗಳು ತಡವಾಯಿತು. ತಪ್ಪು ನಮ್ಮದೇ. ಅಪ್ಪನ ಡಿಸ್ಚಾರ್ಜ್ ಪುಸ್ತಕದಲ್ಲಿ ಅಮ್ಮನ ತವರಿನ ಹೆಸರು, ಆಧಾರ್ ಮತ್ತು ಬ್ಯಾಂಕಿನಲ್ಲಿ ಮನೆಯಲ್ಲಿ ಕರೆಯುವ ಹೆಸರು. ಎರಡೂ ಒಬ್ಬರೇ ಎಂದು ತೋರಿಸುವಷ್ಟರಲ್ಲಿ ಸಾಕಾಯಿತು. ಯಾರ ಮನೆಯಲ್ಲಿ ವಯಸ್ಸಾದ ಮಾಜಿ ಸೈನಿಕರಿದ್ದಾರೋ ಅವರು ಇವತ್ತೇ ಟ್ರಂಕು ತೆಗೆದು ನೋಡಿ. ಡಿಸ್ಚಾರ್ಜ್ ಪುಸ್ತಕ, ಪಿಪಿಓ, ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಎಲ್ಲ ಒಂದಕ್ಕೊಂದು ಹೊಂದಿದೆಯೇ ಎಂದು ತಾಳೆ ನೋಡಿ. ಹೊಂದದಿದ್ದರೆ ಅವರು ಬದುಕಿರುವಾಗಲೇ ಅವರ ಸಹಿ ಹಾಕಿಸಿ ರೆಕಾರ್ಡ್ ಆಫೀಸಿಗೆ ಬರೆದು ಸರಿಪಡಿಸುವುದು ಸುಲಭ. ಇದಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಬಹುದು.

ಹಾಗೆಯೇ ಅವರ ಹತ್ತಿರ ಕೂತು ಮಾತಾಡಿ. ಯುದ್ಧ ಹೇಗಿತ್ತು ಅಂತ ಕೇಳಿದರೆ ಹೇಳುವುದಿಲ್ಲ. ಊರಿಗೆ ಬಂದ ಮೇಲೆ ಏನು ಮಾಡಿದಿರಿ ಅಂತ ಕೇಳಿ, ಹೇಳುತ್ತಾರೆ. ಬರೆದಿಟ್ಟುಕೊಳ್ಳಿ.

2025ರ ಆಗಸ್ಟಿನಲ್ಲಿ ನಮ್ಮೂರಿಗೆ ಮೆಟ್ರೋ ಬಂತು. ನಿಲ್ದಾಣಕ್ಕೆ ಬೊಮ್ಮನಹಳ್ಳಿ ಎಂದೇ ಹೆಸರಿದೆ. ಮೊಮ್ಮಗನನ್ನು ಕರೆದುಕೊಂಡು ಬೊಮ್ಮಸಂದ್ರದ ತನಕ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹೊಲಕ್ಕೆ ಹೋದೆ. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಮೂರನೇ ಬದುವಿನಲ್ಲಿ ಒಂದು ಗುಂಡಿಯ ಅಂಚು ಒಡೆದಿತ್ತು. ಅದರ ಆಚೆ ಈಚೆಯವು ಗಟ್ಟಿಯಾಗಿದ್ದವು, ನೀರು ತುಂಬಿಕೊಂಡಿದ್ದವು. ಇಬ್ಬರೂ ಸೇರಿ ಒಡೆದ ಕಡೆ ಮಣ್ಣು ಕಟ್ಟಿ, ಸಂಜೆಗೆ ಮನೆಗೆ ಬಂದು ಅಪ್ಪನ ಪುಸ್ತಕದಲ್ಲಿ ಅವರು ನಿಲ್ಲಿಸಿದ ಪುಟದ ಮುಂದೆ ಮಳೆ ಬರೆದೆವು.